ಕುಟ್ಟದ ಗೇಟಿನಲ್ಲಿ ಇಳಿದವರು

ನೆಲ್ಯಹುದಿಕೇರಿಯಲ್ಲಿ ನಮ್ಮ ತಂದೆಗೆ ಒಂದು ಚಹಾದಂಗಡಿಯಿತ್ತು. ನಾವು ಅವರನ್ನು ಉಪ್ಪ ಎನ್ನುತ್ತಿದ್ದೆವು. ನಮ್ಮದು ಮಾಪಿಳ್ಳೆ ಮುಸ್ಲಿಮರ ಮನೆ; ಊರವರ ಬಾಯಲ್ಲಿ ನಮ್ಮ ಗಂಡಸರೆಲ್ಲ ಕಾಕ. ಒಳಗೆ ಮಲಯಾಳ, ಅಂಗಡಿಯಲ್ಲಿ ಎಲ್ಲ ಭಾಷೆಯೂ ಬೆರೆತ ಕನ್ನಡ. ಕಚೇರಿಯವರ ಕನ್ನಡ ಉಪ್ಪನಿಗೆ ಅರ್ಧಂಬರ್ಧವೇ ತಿಳಿಯುತ್ತಿತ್ತು. ಉಪ್ಪ ಹುಟ್ಟಿದ್ದು ಆ ಊರಿನಲ್ಲೇ. ಹರೆಯದಲ್ಲಿ, ದೇಶ ಇನ್ನೂ ಒಂದಾಗಿದ್ದಾಗ, ಕರಾಚಿಗೆ ಹೋಗಿ ಹೋಟೆಲೊಂದರಲ್ಲಿ ಚಹಾ ಕಾಸುವ ಕೆಲಸಕ್ಕೆ ಸೇರಿದ್ದರು. ಆಗಾಗ ಊರಿಗೆ ಬಂದು ಹೋಗುತ್ತಿದ್ದರು. ಬೊಂಬಾಯಿಗೆ ಹೋದ ಹಾಗೆ ಜನ ಕರಾಚಿಗೂ ಹೋಗುತ್ತಿದ್ದ ಕಾಲ ಅದು. ದೇಶ ಎರಡಾದ ಮೇಲೂ ಕೆಲವು ವರ್ಷ ಅಲ್ಲೇ ಇದ್ದರು. ಕೊನೆಗೆ ಕೆಲಸ ಬಿಟ್ಟು ಊರಿಗೆ ಹೊರಟಾಗ, ಪುಸ್ತಕವಿಲ್ಲದೆ ಹಡಗು ಹತ್ತುವಂತಿಲ್ಲ ಎಂದರಂತೆ. ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ, ಕೊಟ್ಟ ಪುಸ್ತಕ ಹಿಡಿದು ಬಂದರು. ಅದು ಪಾಕಿಸ್ತಾನದ ಪಾಸ್‌ಪೋರ್ಟ್ ಎಂಬುದು ಅವರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಒಳಗಿನ ಫೋಟೋದಲ್ಲಿ ಗಂಡ ಚೆನ್ನಾಗಿ ಕಾಣುತ್ತಾನೆಂದು ಉಮ್ಮ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಅದಾಗಿ ವರ್ಷ ಕಳೆದಿರಬೇಕು. ವಯನಾಡಿನಲ್ಲಿ ನೆಂಟರ ಮದುವೆಯಿತ್ತು. ಉಪ್ಪ ಮತ್ತು ನಾನು ಹೊರಟೆವು. ಆಗ ಕೊಡಗು ತಾನೇ ಒಂದು ರಾಜ್ಯ. ಕುಟ್ಟ ದಾಟಿದರೆ ಮದರಾಸು ರಾಜ್ಯ. ಕುಟ್ಟದ ಗೇಟಿನಲ್ಲಿ ಅಕ್ಕಿ, ಮೆಣಸು ತಪಾಸಣೆ ಮಾಡುವುದನ್ನು ನೋಡಿದ್ದೆ. ಅವತ್ತು ಬಸ್ ಹತ್ತಿದ ಕಾನ್ಸ್‌ಟೇಬಲ್ ಮೂಟೆಗಳನ್ನು ಮುಟ್ಟಲೇ ಇಲ್ಲ. ನಮ್ಮ ತಲೆಗಳನ್ನು ನೋಡುತ್ತ ಬಂದ.

"ಏ ಕಾಕ, ಇಳಿ ಕೆಳಗೆ. ಇವಳು ನಿನ್ನ ಮಗಳಾ? ನೀನೂ ಇಳಿ."

ಹಿಂದಿನ ಸೀಟಿನಲ್ಲಿ ಟೋಪಿ ಹಾಕಿಕೊಂಡಿದ್ದ ಒಬ್ಬನನ್ನೂ ಇಳಿಸಿದ. ಯಾವುದೋ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಗಳ ಸಾಲುಮನೆಯಲ್ಲಿ ಇರುವ ಆಳು. ಮಿಕ್ಕವರು ಕುಳಿತೇ ಇದ್ದರು. ಅವರಲ್ಲಿ ನಮ್ಮ ಅಂಗಡಿಗೆ ಬರುವವರೂ ಇದ್ದರು. ನಾನು ಕಿಟಕಿಗಳ ಕಡೆ ನೋಡಲಿಲ್ಲ.

ಗೇಟಿನ ಪಕ್ಕದ ಕೋಣೆಯಲ್ಲಿ ದಫೇದಾರರು ಮೇಜು ಹಾಕಿಕೊಂಡು ಕುಳಿತಿದ್ದರು. "ಗಡಿಯಾಚೆಯವರು ಬಂದು ಸೇರಿಕೊಂಡಿದ್ದಾರೆ ಅಂತ ಮೇಲಿಂದ ಹುಕುಂ ಬಂದಿದೆ. ನೀನು ಇಲ್ಲಿಯವನು ಅನ್ನೋದಕ್ಕೆ ಏನಿದೆ?" ಎಂದು ಉಪ್ಪನನ್ನು ಕೇಳಿದರು.

ಉಪ್ಪನ ಮುಖ ಅರಳಿತು. ತಮ್ಮ ಹತ್ತಿರ ಸರ್ಕಾರದ ಪುಸ್ತಕವೇ ಇದೆಯಲ್ಲ ಎಂಬ ಧೈರ್ಯ. ಸೊಂಟದ ಅಗಲ ಪಟ್ಟಿಯಿಂದ ಅದನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟರು. ಕರಾಚಿಯಲ್ಲಿ ಅಧಿಕಾರಿಗಳೆದುರು ಹಿಂದೂಸ್ತಾನಿಯಲ್ಲೇ ಮಾತಾಡಬೇಕಿತ್ತಂತೆ. ಇಲ್ಲೂ ಮರ್ಯಾದೆಗೆ ಅದೇ ಸರಿ ಎಂದುಕೊಂಡು, "ಹುಜೂರ್, ಹಮ್ ಇಧರ್ ಕಾ ಆದ್ಮಿ" ಎಂದರು.

ದಫೇದಾರರು ಪುಸ್ತಕ ಬಿಡಿಸಿ, ಕಾನ್ಸ್‌ಟೇಬಲನಿಗೆ ತೋರಿಸಿ ನಕ್ಕರು. "ಇಧರ್ ಕಾ ಅಂತೆ, ಇಲ್ಲಿಯವನಂತೆ! ಭಾಷೆಯೂ ಅಲ್ಲಿಯದು, ಪಾಸ್‌ಪೋರ್ಟೂ ಅಲ್ಲಿಯದು. ಇಲ್ಲಿರೋದಕ್ಕೆ ಕೊಟ್ಟ ಗಡುವು ಮುಗಿದು ಎಷ್ಟೋ ಕಾಲ ಆಯ್ತು."

"ಸ್ವಾಮಿ, ನಾವು ನೆಲ್ಯಹುದಿಕೇರಿಯವರು. ನಾನು ಅಲ್ಲಿ ಶಾಲೆಗೆ ಹೋಗಿದ್ದೇನೆ" ಎಂದೆ.

"ಕನ್ನಡ ಯಾರು ಬೇಕಾದರೂ ಕಲೀತಾರೆ" ಎಂದರು.

ಉಪ್ಪ ನನ್ನನ್ನು ನೋಡಿದರು. "ಏನಂತೆ, ಮೋಳೇ?" ಎಂದು ಮೆಲ್ಲಗೆ ಕೇಳಿದರು. ನೀವು ಪಾಕಿಸ್ತಾನದವರಂತೆ ಎಂದು ಹೆತ್ತ ತಂದೆಗೆ ನಾನೇ ಮಲಯಾಳದಲ್ಲಿ ಹೇಳಬೇಕಾಯಿತು. ಅವರು ತಲೆ ತಗ್ಗಿಸಿ, ಜಾರಿರದ ಮುಂಡು ಪಂಚೆಯನ್ನು ಸರಿಮಾಡಿಕೊಳ್ಳತೊಡಗಿದರು.

ಮದುವೆಗೆಂದು ಒಯ್ಯುತ್ತಿದ್ದ ನಮ್ಮ ಬುಟ್ಟಿಯನ್ನು ಕಂಡಕ್ಟರ್ ತಂದು ಬಾಗಿಲ ಬಳಿ ಇಟ್ಟ. ನಮ್ಮೂರಿನ ಕೊಡವ ಸಾಹುಕಾರರಿಗೆ ಕುಟ್ಟದಲ್ಲೂ ಒಂದು ಎಸ್ಟೇಟಿತ್ತು. ಕಾಫಿ ಕೊಯ್ಯುವ ಪಿಕಿಂಗ್ ಸಮಯವಾದ್ದರಿಂದ ಅವರು ಅಲ್ಲೇ ಇದ್ದರು. "ಸಾವ್ಕಾರ್ರಿಗೆ ಸುದ್ದಿ ಮುಟ್ಟಿಸ್ತೇನೆ ತಂಗೀ" ಎಂದು ಕಂಡಕ್ಟರ್ ಪಿಸುಗುಟ್ಟಿ ಹೋದ. ಬಸ್ಸೂ ಹೋಯಿತು.

ನಾವು ಮೂವರೂ ಬೆಂಚಿನಲ್ಲಿ ಕುಳಿತೆವು. ಲೈನಿನವನಿಗೆ ಯಾವ ಪುಸ್ತಕವೂ ಇರಲಿಲ್ಲ. ಚಿಕ್ಕಂದಿನಲ್ಲಿ ಕೂಲಿಗಳನ್ನು ಕರೆತರುವ ಮೇಸ್ತ್ರಿಯ ಹಿಂದೆ ಮಲಬಾರಿನಿಂದ ಬಂದವನು. ಕರಾಚಿ ಯಾವ ದಿಕ್ಕಿಗಿದೆ ಎಂದೂ ಅರಿಯದವನು. ಅವನ ಎಸ್ಟೇಟ್ ದೂರ. ಯಾರಿಗೂ ಹೇಳಿಕಳಿಸುವ ದಾರಿ ಅವನಿಗಿರಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಸಾಹುಕಾರರ ಜೀಪು ಬಂತು. ದಫೇದಾರರು ಎದ್ದು ನಿಂತರು.

"ಇವನ ಅಪ್ಪನಿಂದ ಹಿಡಿದು ನನಗೆ ಗೊತ್ತು. ನಮ್ಮ ಜಾಗದಲ್ಲೇ ಮನೆ ಕಟ್ಟಿಕೊಂಡಿರೋದು" ಎಂದರು ಸಾಹುಕಾರರು. "ಇವರು ಆ ಥರದವರಲ್ಲ. ಮಲಬಾರಿಂದ ಘಟ್ಟ ಹತ್ತಿ ಬರ್ತಾವಲ್ಲ, ಆ ಜಾತಿ ಅಲ್ಲ ಇವರು."

ಆ ಜಾತಿ ಎಂದರೆ ಯಾರೆಂದು ಬೆಂಚಿನಲ್ಲಿ ಕುಳಿತಿದ್ದ ನಮ್ಮೆಲ್ಲರಿಗೂ ಅರ್ಥವಾಯಿತು. ಉಪ್ಪ ಕೈಮುಗಿದರು. ನಾನೂ ಮುಗಿದೆ.

ಪುಸ್ತಕವನ್ನು ದಫೇದಾರರೇ ಇಟ್ಟುಕೊಂಡರು. ವಿಚಾರಣೆ ಮುಗಿಯುವವರೆಗೂ ಉಪ್ಪ ವಾರಕ್ಕೊಮ್ಮೆ ಠಾಣೆಗೆ ಹಾಜರಾಗಬೇಕೆಂದು ಬರೆಸಿಕೊಂಡು ಬಿಟ್ಟರು. ನಾವು ಏಳುವಾಗ ಲೈನಿನವನು, "ನನಗೂ ಒಂದು ಮಾತು ಹೇಳೋಕೆ ಹೇಳಮ್ಮ" ಎಂದ. ನಾನು ಅಂಗಳದಲ್ಲಿ ಸಾಹುಕಾರರನ್ನು ಕೇಳಿದೆ.

"ಅವನ್ಯಾರೋ ನನಗೆ ಗೊತ್ತಿಲ್ಲವಲ್ಲ, ಮಗಾ. ಗೊತ್ತಿಲ್ಲದವನ ಪರವಾಗಿ ಹೇಗೆ ಜವಾಬು ಕೊಡಲಿ?" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಹೊರದೇಶದ ಪುಸ್ತಕವಿದ್ದ ನಾವು ಜೀಪು ಹತ್ತಿದೆವು; ಎಲ್ಲಿಗೂ ಹೋಗಿರದ ಅವನು ಬೆಂಚಿನಲ್ಲೇ ಉಳಿದ. ಆ ಬಾಗಿಲ ಕಡೆ ತಿರುಗಿ ನೋಡಲು ಉಪ್ಪನಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಆಮೇಲೆ ಆ ಕಂಡಕ್ಟರನನ್ನು ಕಂಡಾಗೆಲ್ಲ ವಿಚಾರಿಸಿದೆ. ಮಡಿಕೇರಿಗೆ ಕರೆದೊಯ್ದರು ಎಂದು ಒಮ್ಮೆ ಹೇಳಿದ. ಮತ್ತೆ ಅವನಿಗೂ ಏನೂ ತಿಳಿಯಲಿಲ್ಲ.

ವಾರವಾರ ಉಪ್ಪ ಠಾಣೆಗೆ ಹೋದರು. ಅಂಗಡಿ ಯಾಕೆ ಮುಚ್ಚಿದೆ ಎಂದು ಕೇಳಿದವರಿಗೆ ಉಮ್ಮ, "ಸಿದ್ದಾಪುರಕ್ಕೆ ಸಾಮಾನು ತರೋಕೆ ಹೋಗಿದ್ದಾರೆ" ಎನ್ನುತ್ತಿದ್ದಳು. ಊರಿಗೆಲ್ಲ ನಿಜ ಗೊತ್ತಿತ್ತು. ಆದರೂ ಕೇಳುತ್ತಿದ್ದರು. ಗಿರಾಕಿಗಳನ್ನು ನಗಿಸಲು ಕರಾಚಿಯ ಹೋಟೆಲಿನ ಕೂಗುಗಳನ್ನು ಅಣಕಿಸುತ್ತಿದ್ದ ಉಪ್ಪ ಈಗ ಖಾಕಿ ಕಂಡರೆ ಸಾಕು, ಹಿಂದಿನ ಒಲೆಯ ಕಡೆ ಸರಿದುಬಿಡುತ್ತಿದ್ದರು.

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕೊನೆಯ ವರ್ಷ, ಉಪ್ಪನಂಥವರು ಅರ್ಜಿ ಹಾಕಿ ಪ್ರಮಾಣ ಮಾಡಿದರೆ ಪೌರತ್ವ ಸಿಗುತ್ತದೆ ಎಂದರು. ಅರ್ಜಿಗೂ ಸಾಹುಕಾರರೇ ಸಾಕ್ಷಿ. ಮಡಿಕೇರಿಯ ಕಚೇರಿಯಲ್ಲಿ ಗುಮಾಸ್ತರು ಓದಿದ್ದನ್ನು ನಾನು ಒಂದೊಂದೇ ಮಾತಾಗಿ ಮಲಯಾಳದಲ್ಲಿ ಹೇಳಿಕೊಟ್ಟೆ. ಐವತ್ತು ದಾಟಿದ ಉಪ್ಪ ನಿಂತುಕೊಂಡು ಒಪ್ಪಿಸಿದರು.

"ಇವತ್ತಿನಿಂದ ನೀವು ಭಾರತದ ಪ್ರಜೆ" ಎಂದರು ಗುಮಾಸ್ತರು.

ಅದನ್ನೂ ಮಲಯಾಳಕ್ಕೆ ತಂದೆ. ಉಪ್ಪ, "ಇವತ್ತಿನಿಂದ ಅಂದರಾ?" ಎಂದು ಕೇಳಿದರು. ಹೌದೆಂದೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಮೊದಲು ಬಂದವರು ಅಲ್ಲಿಯ ಹಳೆಯ ಗಿರಾಕಿ, ಹಾಸನದ ಕಡೆಯಿಂದ ಬಂದು ಗದ್ದೆ ಮಾಡಿಕೊಂಡಿದ್ದ ಒಬ್ಬ ಗೌಡರು. ಒಳ್ಳೆಯ ಮನುಷ್ಯ. ಉಪ್ಪನ ಭುಜ ತಟ್ಟಿ, "ಅಂತೂ ನೀನೂ ನಮ್ಮೋನಾದೆ ಕಣೋ ಕಾಕ!" ಎಂದರು, ಮನಸ್ಸು ತುಂಬಿ.

ಉಪ್ಪ ನಕ್ಕರು. ಅವರಿಗೆ ಮೊದಲ ಲೋಟ ಚಹಾ ತಾವೇ ತಂದಿಟ್ಟರು. ನಾನು ಒಳಗೆ ಹೋಗಿ, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯುತ್ತ ನಿಂತೆ.