ಭಾರ ಇಳಿಸಿ ನಿಂತ ಲೋನಪ್ಪನ್

ಮಟ್ಟಾಂಚೇರಿಯ ಹಳೆಯ ಶುಂಠಿ ಗೋದಾಮಿನೊಳಗೆ ಬೆಳಕು ಆಗತಾನೇ ಹಂಚಿನ ಸಂದಿಯಿಂದ ಇಳಿಯುತ್ತಿದೆ. ಲೋನಪ್ಪನ್ ಮುಂಡು ಪಂಚೆಯನ್ನು ಮೇಲಕ್ಕೆ ಬಿಗಿದು ಕಟ್ಟಿ, ಬರಿಮೈಗೆ ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದಾರೆ. ಎದುರಿಗೆ ಶಿಲ್ಪಿ ನಫೀಸಾ ಬಕೆಟ್ಟಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಾರೆ. ಲೋನಪ್ಪನ್‌ಗೆ ನಫೀಸಾ ‘ಮೋಳೆ’, ಮಗಳು; ನಫೀಸಾಗೆ ಅವರು ‘ಚೇಟ್ಟಾ’, ಅಣ್ಣ.

"ಬೇಗ ಮುಗಿಸು ಮೋಳೆ. ಅದು ಗಟ್ಟಿಯಾಗೋವಾಗ ಮೈಯೆಲ್ಲಾ ಬಿಸಿ. ಪುಟ್ಟು ಬೇಯಿಸೋ ಕೊಳವೆಯೊಳಗೆ ನಿಂತ ಹಾಗಿರುತ್ತೆ."

"ನೀವು ಅಲ್ಲಾಡದಿದ್ರೆ ಬೇಗ ಮುಗಿಯುತ್ತೆ ಚೇಟ್ಟಾ."

ಲೋನಪ್ಪನ್ ಎಣ್ಣೆಯ ಕೈ ಒರೆಸಿಕೊಂಡು ಪಾದ ಊರಿ ನಿಲ್ಲುತ್ತಾರೆ. ಕಳೆದ ವಾರ ಅವರ ಕೈ ನಡುಗಿ ಅಚ್ಚು ಬಿರುಕು ಬಿಟ್ಟಿತ್ತು.

ಹದಿನೇಳನೇ ವಯಸ್ಸಿನಿಂದ ಬಜಾರ್ ರಸ್ತೆಯಲ್ಲಿ ಮೆಣಸು, ಒಣಶುಂಠಿ, ಅಕ್ಕಿಯ ಚೀಲ ಹೊತ್ತವರು ಅವರು. ಒಂದೊಂದೂ ಐವತ್ತು ಕಿಲೋ. ಈಗ ಅರವತ್ತರ ಹತ್ತಿರ. ಹೋದ ವರ್ಷ ಎಡಗೈ ಜೋಮು ಹಿಡಿಯಿತು. ಕತ್ತಿನ ಮೂಳೆ ಸವೆದಿದೆ, ಇನ್ನು ಹೊರೆ ಹೊರುವಂತಿಲ್ಲ ಎಂದರು ಡಾಕ್ಟರು. ಹಮಾಲಿಯ ನೀಲಿ ಅಂಗಿ ಮಡಿಸಿಟ್ಟು, ಚಹಾ ಅಂಗಡಿಯ ಬೆಂಚಿನಲ್ಲಿ ಸುಮ್ಮನೆ ಕೂತಿದ್ದವರ ಬಗ್ಗಿದ ಕತ್ತು, ಹರವಾದ ಭುಜ ನಫೀಸಾ ಕಣ್ಣಿಗೆ ಬಿದ್ದದ್ದು ಆಗಲೇ.

ಮೈಯಿಂದ ಜೀವ ಹಗುರಾಗಿ ಮೇಲೇಳುವ ಗಳಿಗೆಯನ್ನು ನಫೀಸಾ ಶಿಲ್ಪವಾಗಿಸಬೇಕಿತ್ತು. ಕಳೆದ ವಾರ, ಕೈ ಚಾಚಿ, ಮುಖ ಮೇಲೆತ್ತಿ ನಿಲ್ಲಿ ಎಂದರು. ಕತ್ತು ಏಳಲೇ ಇಲ್ಲ. ಚಾಚಿದ ಕೈ ಗಡಗಡ ನಡುಗಿತು.

ಹೊರೆ ಹೊರುವ ಸಂಗಡಿಗ ಹಂಸ ಬಿಡುತ್ತಾನೆಯೇ? "ಏನು ಲೋನಪ್ಪೇಟ್ಟಾ, ಸ್ವರ್ಗಕ್ಕೆ ಹೋಗೋಕೂ ನಿಮಗೆ ಆಗಲಿಲ್ವಂತೆ?"

ಹೆಂಡತಿ ಬ್ರಿಜೀತ ಸೀಗಡಿ ಸುಲಿಯುವ ಶೆಡ್ಡಿನಿಂದ ಬಂದವರು ಗದರಿದರಂತೆ: "ಈ ವಯಸ್ಸಲ್ಲಿ ಹೆಣ್ಣುಮಗಳ ಮುಂದೆ ಬರಿಮೈಲಿ ನಿಂತ್ಕೊಳ್ತೀರಲ್ಲ, ನಾಚಿಕೆ ಆಗಲ್ವಾ?"

ನಾಚಿಕೆಗಿಂತ ದೊಡ್ಡ ಹೆದರಿಕೆ ಅವರಿಗಿತ್ತು. "ಹೊರೋಕೆ ಆಗಲ್ಲ ಅಂದ್ರು, ಸರಿ. ಸುಮ್ಮನೆ ನಿಂತ್ಕೊಳ್ಳೋಕೂ ಆಗಲ್ಲ ಅಂದ್ರೆ ಈ ಮೈ ಇನ್ಯಾತಕ್ಕೆ?" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನ ಬಳಿ ಅಂದಿದ್ದರು.

ಇವತ್ತು ಅವರೇ ಬಾಯಿಬಿಟ್ಟು ಕೇಳುತ್ತಾರೆ. "ಮೋಳೆ, ತಲೆ ಮೇಲೆ ಒಂದು ಚೀಲ ಇಡು."

"ಸಾಧ್ಯವೇ ಇಲ್ಲ. ಡಾಕ್ಟರು ಏನಂದಿದ್ದಾರೆ?"

"ಭಾರ ಬೇಡ. ತೆಂಗಿನ ನಾರು ತುಂಬು. ತಲೆ ಮೇಲೆ ಏನೋ ಇದೆ ಅಂತ ಅನ್ನಿಸಿದ್ರೆ ಸಾಕು."

ನಾರಿನ ಚೀಲ ಏರುತ್ತದೆ. ಲೋನಪ್ಪನ್ ಎರಡೂ ಕೈ ಎತ್ತಿ ಅದನ್ನು ಹಿಡಿಯುತ್ತಾರೆ. ಪಾದ ಅಗಲವಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಕಣ್ಣು ಮುಚ್ಚುತ್ತದೆ. ನಡುಕ ಎಲ್ಲಿ ಹೋಯಿತೋ. ಪ್ಲಾಸ್ಟರ್ ಪಟ್ಟಿಗಳು ಪಾದದಿಂದ ಎದೆಗೆ, ಎದೆಯಿಂದ ತೋಳಿಗೆ ಏರುತ್ತವೆ. ಮೂಲೆಯಲ್ಲಿ ನಿಂತು ನಾನು ನೋಡುತ್ತಿದ್ದೇನೆ. ಆ ಬಿಸಿಯೊಳಗೆ ಒಂದು ಸ್ನಾಯುವೂ ಮಿಸುಕುವುದಿಲ್ಲ.

ಅಚ್ಚು ಬಿಡಿಸಿದ ಮೇಲೆ, ಕಣ್ಣು ಮುಚ್ಚಿ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುತ್ತೇನೆ. "ಎಲ್ಲೂ ಇಲ್ಲ. ಚೀಲದ ಕೆಳಗಿದ್ದೆ. ಅಲ್ಲಿ ತುಂಬಾ ನೆಮ್ಮದಿಯಾಗಿತ್ತು."

ಆ ಅಚ್ಚಿನೊಳಗೆ ಗೋಣಿಬಟ್ಟೆಯ ಪದರಗಳನ್ನು ಅಂಟಿಸಿ ನಫೀಸಾ ಶಿಲ್ಪ ಮಾಡಿದರು. ಚೀಲ ಮಾತ್ರ ಮಾಡಲಿಲ್ಲ. ಈಗ ಅದೇ ಗೋದಾಮಿನ ಪ್ರದರ್ಶನದಲ್ಲಿ, ಟೊಳ್ಳು ಮೈಯ ಒಬ್ಬ ಗೋಣಿ ಮನುಷ್ಯ ನೆಲದಿಂದ ಗೇಣು ಮೇಲೆ ತೂಗುತ್ತಿದ್ದಾನೆ. ಎತ್ತಿದ ಕೈಗಳ ನಡುವೆ ಬರೀ ಗಾಳಿ. ಕಡಲ ಕಡೆಯ ಬಾಗಿಲು ತೆರೆದರೆ ಮೆಲ್ಲಗೆ ತಿರುಗುತ್ತಾನೆ. ಜೋರಾಗಿ ಮಾತಾಡುತ್ತಾ ಬಂದವರು ಒಳಗೆ ಕಾಲಿಟ್ಟೊಡನೆ ದನಿ ತಗ್ಗಿಸುತ್ತಾರೆ.

ಬ್ರಿಜೀತ ಬಂದ ದಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಬಹಳ ಹೊತ್ತು ನೋಡಿದರು. ಗೋಣಿಯಲ್ಲಿ ಮೂಡಿದ್ದ ಹಿಮ್ಮಡಿಯ ಬಿರುಕನ್ನು ಬೆರಳಿನಿಂದ ಮುಟ್ಟಿದರು. "ತಲೆ ಮೇಲೆ ಏನೂ ಇಲ್ಲದಾಗ ಇವರು ಹೀಗೆ ಕಾಣ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದರು. ಲೋನಪ್ಪನ್ ಗೋಡೆ ಕಡೆ ತಿರುಗಿ ನಿಂತರು.

ಮುಂದಿನ ತಿಂಗಳು ಶಿಲ್ಪ ಕೊಲ್ಕತ್ತಕ್ಕೆ ಹೊರಡುತ್ತದೆ. ಏನಾದರೂ ಆಸೆ ಇದೆಯೇ ಎಂದರೆ ಲೋನಪ್ಪನ್ ಹಾಲಿಲ್ಲದ ಕಟ್ಟನ್ ಚಾಯ ಹೀರಿ ನಗುತ್ತಾರೆ.

"ಲಾರಿಗೆ ಏರಿಸೋವಾಗ ಹೊರಗಿನವರನ್ನ ಕರೀಬಾರದು. ನಮ್ಮ ಹಂಸನೂ ಹುಡುಗರೂ ಹೊರಲಿ. ಸತ್ತ ಮೇಲೆ ಹೇಗೂ ಹೊರ್ತಾರೆ. ಬದುಕಿರೋವಾಗ ಒಂದ್ಸಲ ಹೊತ್ತರೆ, ಪಕ್ಕದಲ್ಲಿ ನಡೀತಾ ನಾನೂ ನೋಡಬಹುದು."