ಬಿಟ್ಟುಹೋದ ಒಂದು ಸಾಲು

೧೯೯೭ರಲ್ಲಿ ನಾನು ಶಿರಸಿಯ ವಕೀಲ ಮಂಜುನಾಥ ಹೆಗಡೆಯವರ ಕಚೇರಿಯಲ್ಲಿ ಜೂನಿಯರ್ ಆಗಿದ್ದೆ. ವಕೀಲಿ ಸನ್ನದು ಸಿಕ್ಕಿ ಎರಡನೆಯ ವರ್ಷ. ಹೆಗಡೆಯವರು ಹಗಲು ಕೋರ್ಟಿನಲ್ಲಿ ವಾದ ಮಾಡಿ ಸಂಜೆ ಬರೆಯಲು ಕೂರುತ್ತಿದ್ದರು. ಕಾನೂನು ಇಂಗ್ಲಿಷಿನಲ್ಲೇ ಇದ್ದರೆ ಕಕ್ಷಿದಾರರು ವಕೀಲರ ಮುಖ ನೋಡುತ್ತ ಕೂರಬೇಕಾಗುತ್ತದೆ ಎಂಬ ಬೇಸರ ಅವರಿಗೆ. ಅದಕ್ಕೇ ಸಾಮಾನ್ಯ ಜನರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆದಿದ್ದರು. ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳ ವಾಚನಾಲಯಗಳಲ್ಲೂ ಅದು ಸಿಗುತ್ತಿತ್ತು.

ಎರಡನೆಯ ಮುದ್ರಣದ ಕರಡು ತಿದ್ದುವ ಕೆಲಸ ನನಗೆ ಬಂತು. ನಮ್ಮ ಮನೆಯಲ್ಲಿ ಆಗ ತಂಗಿಯ ಮದುವೆಯ ಗಡಿಬಿಡಿ. ಕೊನೆಯ ಪುಟಗಳನ್ನು ಹಸ್ತಪ್ರತಿಯೊಂದಿಗೆ ಹೋಲಿಸದೆ, ಬರೀ ಕಣ್ಣಾಡಿಸಿ ಪ್ರೆಸ್ಸಿಗೆ ಕಳಿಸಿದೆ.

ಮರುವರ್ಷ ಬನವಾಸಿ ಕಡೆಯ ನೀಲವ್ವ ಎಂಬ ಹೆಂಗಸು ಕಚೇರಿಗೆ ಬಂದಳು. ವಯಸ್ಸು ಐವತ್ತರ ಆಸುಪಾಸು. ಗಂಡನ ಅಣ್ಣ ಅವಳ ಹೊಲ ತನ್ನದೆಂದು ದಾವೆ ಹೂಡಿ ಕೆಳಗಿನ ಕೋರ್ಟಿನಲ್ಲಿ ಗೆದ್ದಿದ್ದ. ಅವಳ ವಕೀಲರು ತೀರ್ಪಿನ ನಕಲು ಕೈಗಿಟ್ಟು, ಮೇಲ್ಮನವಿಗೆ ಬೇರೆಯವರನ್ನು ನೋಡು ಎಂದಿದ್ದರಂತೆ. ಅಷ್ಟರಲ್ಲಿ ಮಗಳ ಹೆರಿಗೆ ಬಂದು ಹಾನಗಲ್ಲಿಗೆ ಹೋಗಿದ್ದಳು.

ಹೆಗಡೆಯವರು ತೀರ್ಪಿನ ತಾರೀಕು ನೋಡಿ, "ಇಷ್ಟು ದಿನ ಎಲ್ಲಿ ಹೋಗಿದ್ರಿ?" ಎಂದು ಕೇಳಿದರು.

ಅವಳು ಚೀಲದಿಂದ ಆ ಕೈಪಿಡಿಯನ್ನೇ ತೆಗೆದಳು. "ತೊಂಬತ್ತು ದಿನ ಐತಿ ಅಂತ ನೀವ ಬರದೀರಲ್ರೀ ಸಾಹೇಬ್ರ. ಮಗಳು ಓದಿ ಹೇಳಿದ್ಲು. ಇನ್ನೂ ಅರವತ್ತೂ ಆಗಿಲ್ರಿ."

ಹೈಕೋರ್ಟಿಗೆ ಹೋಗುವ ಮೇಲ್ಮನವಿಗೆ ತೊಂಬತ್ತು ದಿನದ ಗಡುವು, ಉಳಿದ ಮೇಲಿನ ಕೋರ್ಟುಗಳಿಗೆ ಮೂವತ್ತೇ ದಿನ. ಹೆಗಡೆಯವರು ಹಾಗೆಯೇ ಬರೆದಿದ್ದರು. ನೀಲವ್ವನಿಗೆ ಬೇಕಿದ್ದ ಆ ಮೂವತ್ತು ದಿನದ ಸಾಲು ಅಚ್ಚಿನಲ್ಲಿ ಬಿಟ್ಟುಹೋಗಿತ್ತು. "ಹೈಕೋರ್ಟಿಗೆ" ಎಂಬ ಮಾತೂ ಅದರೊಂದಿಗೇ ಹೋಗಿತ್ತು. ಅವರು ಆ ಪುಟವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಹೋಲಿಸದೆ ಕಳಿಸಿದ ಕೊನೆಯ ಪುಟಗಳಲ್ಲಿ ಒಂದು ಅದು.

"ಹೊಲ ಹೋದ್ರ ಹೋಗ್ಲಿರಿ," ಎಂದಳು ನೀಲವ್ವ. "ನಮ್ಮ ಯಜಮಾನ್ರನ್ನ ಅಲ್ಲೇ ಮಣ್ಣು ಮಾಡೇವಿ. ಆ ಮೂಲಿ ಒಂದು ಉಳಿಸಿಕೊಡ್ರಿ."

ಅವಳು ಹೊರಟ ಮೇಲೆ ನಾನು ನಮ್ಮ ಹವ್ಯಕ ಮಾತಿನಲ್ಲಿ, "ಕರಡು ನೋಡಿದ್ದು ಆನಲ್ದಾ? ಕೋರ್ಟಿನಲ್ಲಿ ಆನೇ ಹೇಳ್ತೆ," ಎಂದೆ.

"ನೀ ಎಂತ ಹೇಳದೂ ಬ್ಯಾಡ ತಂಗಿ," ಎಂದರು. "ಪುಸ್ತಕದ ಮೇಲಿಪ್ಪುದು ನನ್ನ ಹೆಸರು. ತಪ್ಪೂ ನಂದೇಯ."

ಮೇಲ್ಮನವಿಯ ಜತೆ, ತಡವಾದದ್ದನ್ನು ಮನ್ನಿಸಬೇಕೆಂದು ಅರ್ಜಿ ಹಾಕಿದೆವು. ಅದಕ್ಕೆ ಬೆಂಬಲವಾಗಿ ಹೆಗಡೆಯವರು ಸ್ವತಃ ಅಫಿಡವಿಟ್ ಸಲ್ಲಿಸಿದರು. ಸಾಕ್ಷಿಯಾದವರು ಅದೇ ಪ್ರಕರಣದಲ್ಲಿ ವಾದ ಮಾಡುವುದು ಸರಿಯಲ್ಲವೆಂದು ವಕಾಲತ್ತನ್ನು ಗೆಳೆಯರೊಬ್ಬರಿಗೆ ಒಪ್ಪಿಸಿದರು. ಮೂವತ್ತು ವರ್ಷ ಅದೇ ಕೋರ್ಟಿನಲ್ಲಿ ವಾದಿಸಿದವರು ಅಂದು ಜನ ತುಂಬಿದ ಕೋಣೆಯಲ್ಲಿ ಎದ್ದು ನಿಂತು, "ನನ್ನ ಪುಸ್ತಕವನ್ನು ನಂಬಿ ಈಕೆ ಮೋಸಹೋದಳು" ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಾನು ತಲೆ ಎತ್ತಲಿಲ್ಲ.

ನ್ಯಾಯಾಧೀಶರು ವಿಳಂಬ ಮನ್ನಿಸಿ ತಡೆಯಾಜ್ಞೆ ಕೊಟ್ಟರು. ಆದರೆ ಎದುರು ಪಕ್ಷಕ್ಕೆ ನೋಟಿಸು ತಲುಪಿ ವಿಚಾರಣೆ ನಡೆಯುವಷ್ಟರಲ್ಲಿ, ಆ ಭಾವ ಕೋರ್ಟಿನ ಬೇಲಿಫನನ್ನು ಕರೆತಂದು ಹೊಲದ ಸ್ವಾಧೀನ ಪಡೆದಿದ್ದ. ಗಡುವಿನೊಳಗೆ ಮೇಲ್ಮನವಿ ಬಾರದ್ದರಿಂದ ಅವನನ್ನು ತಡೆಯುವವರೇ ಇರಲಿಲ್ಲ. ನಾವು ಆದೇಶದ ಪ್ರತಿ ಹಿಡಿದು ಹೋದಾಗ ಹೊಲವನ್ನು ಟ್ರ್ಯಾಕ್ಟರಿನಿಂದ ಒಂದೇ ಮಟ್ಟ ಮಾಡಿ ಆಗಿತ್ತು. ಸಮಾಧಿಯ ಕಲ್ಲುಗಳು ಬದುವಿನ ಆಚೆ ರಾಶಿ ಬಿದ್ದಿದ್ದವು. ನೀಲವ್ವ ಉತ್ತ ಮಣ್ಣಿನಲ್ಲಿ ಅತ್ತಿಂದಿತ್ತ ನಡೆದಳು. ಒಂದು ಕಡೆ ಕೂತಳು, ಅಲ್ಲವೆಂದು ಎದ್ದಳು, ಮತ್ತೊಂದು ಕಡೆ ಕೂತಳು.

ಎರಡು ವರ್ಷದ ಬಳಿಕ ಮೇಲ್ಮನವಿಯಲ್ಲಿ ಗೆದ್ದೆವು. ಹೊಲ ವಾಪಸಾಯಿತು.

ಹೆಗಡೆಯವರು ರಜೆಯ ದಿನಗಳಲ್ಲಿ ಬಸ್ಸು ಹತ್ತಿ ಹುಲೇಕಲ್, ಭೈರುಂಬೆ, ಯಲ್ಲಾಪುರವೆಂದು ವಾಚನಾಲಯಗಳನ್ನು ಸುತ್ತಿ, ಸಿಕ್ಕ ಪ್ರತಿಗಳಲ್ಲೆಲ್ಲ ಆ ಸಾಲನ್ನು ಕೈಯಿಂದ ಬರೆದರು. ಜಮೀನು ಕಾನೂನಿನ ಮೇಲೆ ಬರೆಯುತ್ತಿದ್ದ ದೊಡ್ಡ ಪುಸ್ತಕ ಅರ್ಧಕ್ಕೇ ನಿಂತಿತು. ಕೇಳಿದರೆ, "ಬರೆಯಲೆ ಕೈ ಬತ್ತಿಲ್ಲೆ" ಎನ್ನುತ್ತಿದ್ದರು. ೨೦೦೩ರಲ್ಲಿ ತೀರಿಕೊಂಡರು. ನನ್ನ ಹೆಸರನ್ನು ಕೊನೆಯವರೆಗೂ ಯಾರೆದುರೂ ಎತ್ತಲಿಲ್ಲ.

ಅವರ ಹನ್ನೆರಡನೆಯ ದಿನ ಕಳೆದ ಮೇಲೆ ನಾನು ನೀಲವ್ವನ ಮನೆಗೆ ಹೋದೆ. ಕರಡು ನೋಡಿದವಳು ನಾನೇ ಎಂದು ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಪಕ್ಕಕ್ಕಿಟ್ಟಳು.

"ಹೆಗಡೆ ಸಾಹೇಬ್ರು ಬಂದು ತಪ್ಪು ತಮ್ದು ಅಂದ್ರು. ಈಗ ನೀವು ಬಂದು ನಿಮ್ದು ಅಂತೀರಿ. ಇಬ್ರೂ ಒಳ್ಳೇರು ಬಿಡ್ರಿ. ಆದ್ರ ನನ್ನ ಗಂಡ ಆ ಹೊಲದಾಗ ಎಲ್ಲದಾನ ಅಂತ ಯಾರೂ ಹೇಳವಲ್ರು."

ಅಂದಿನಿಂದ ಪ್ರತಿಯೊಂದು ಗಡುವನ್ನು ಕಕ್ಷಿದಾರರ ಎದುರೇ ಎಣಿಸಿ, ತಾರೀಕನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಕೈಗೆ ಕೊಡುತ್ತೇನೆ. ಕೋರ್ಟು ತಡವನ್ನು ಮನ್ನಿಸಬಹುದು. ಆ ತಡದಲ್ಲಿ ಅಳಿದುಹೋದದ್ದನ್ನು ಮರಳಿ ಕೊಡುವ ಆದೇಶವನ್ನು ನನ್ನ ಇಷ್ಟು ವರ್ಷದ ವಕೀಲಿಯಲ್ಲಿ ನಾನು ಕಂಡಿಲ್ಲ.