ಟೇಕಲ್ ಬೆಟ್ಟದಲ್ಲಿ ಮೂರೂವರೆ ಹಾಡು

ನನ್ನ ಹತ್ತಿರ ಒಂದು ಕ್ಯಾಸೆಟ್ ಇದೆ. ಅದರಲ್ಲಿ ಮೂರು ಹಾಡುಗಳಿವೆ, ನಾಲ್ಕನೆಯದು ಅರ್ಧ. ಹಾಡಿದವನು ಒಬ್ಬ, ಬಾರಿಸಿದವನು ಒಬ್ಬ. ಇಬ್ಬರೂ ಕೋಲಾರದ ಕಾಲೇಜಿನಲ್ಲಿ ನನ್ನ ಜೊತೆ ಬಿ.ಎ. ಓದುತ್ತಿದ್ದವರು.

ಹಾಡುವವನು ಮಾಲೂರಿನ ಬಟ್ಟೆ ಅಂಗಡಿಯವರ ಮಗ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು, ಹಾಡಿನಲ್ಲಿ ಮೂರೂ. ಅವನ ಗಿಟಾರಿನ ಒಂದು ತಂತಿ ಹರಿದಿತ್ತು. ಅಲ್ಲಿ ಸೈಕಲ್ ಬ್ರೇಕ್ ವೈರಿನ ಒಂದೆಳೆ ಬಿಗಿದಿದ್ದ. ಅದನ್ನು ಮೀಟಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಬಾರಿಸುವವನು ಟೇಕಲ್‌ನ ತಮಟೆ ಮನೆತನದವನು. ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯುವ ಹೆಂಗಸಿನ ಮೇಲೆ ಅವರು ಕಟ್ಟಿದ್ದ ಹಾಡು ಮುಕ್ಕಾಲು ಪಾಲು ಕೂಗು. ಶ್ರುತಿ ಜಾರಿದರೂ ನಿಲ್ಲಿಸುತ್ತಿರಲಿಲ್ಲ. ಅಂಥದ್ದನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ.

ಆ ಚಳಿಗಾಲ ಹಾಡುವವನ ತಂದೆ ಓದು ಬಿಡಿಸಿ ಅವನನ್ನು ಮದರಾಸಿನ ಚಿಕ್ಕಪ್ಪನ ಅಂಗಡಿಗೆ ಕಳಿಸುವುದೆಂದು ನಿಶ್ಚಯಿಸಿದರು. ಹೊರಡಲು ಎರಡೇ ದಿನ ಉಳಿದಿತ್ತು. ಅಷ್ಟರಲ್ಲಿ ಹಾಡುಗಳನ್ನು ಹಿಡಿದಿಡದಿದ್ದರೆ ಅವು ಅವನ ಜೊತೆಯೇ ಹೋಗಿಬಿಡುತ್ತಿದ್ದವು. ನಾನು ಭಾವನ ಟೇಪ್ ರೆಕಾರ್ಡರ್ ಕೇಳಿ ತಂದೆ. ಟೇಕಲ್ ಬೆಟ್ಟದ ಒಂದು ಚಾಚು ಬಂಡೆಯ ಕೆಳಗೆ ಧ್ವನಿ ಸುತ್ತಿ ವಾಪಸು ಬರುತ್ತದೆಂದು ಬೆಳಿಗ್ಗೆಯೇ ಅಲ್ಲಿಗೆ ಹತ್ತಿದೆವು.

ಮೂರು ಹಾಡು ಆದವು. ಮಂಜಿಗೆ ತಮಟೆಯ ಚರ್ಮ ಸಡಿಲವಾಯಿತು.

"ಕಾಯಿಸ್ಬೇಕು ಕಣೋ, ಹುಲ್ಲು ತಾ" ಎಂದ ತಮಟೆಯವನು.

"ಮೇಲೆ ಹೆಜ್ಜೇನು ಐತಲ್ಲೋ?" ಎಂದೆ.

"ಈ ಚಳಿಗೆ ಅವೂ ನಿನ್ನಂಗೆ ಕಣ್ಲಾ, ಎಂಟಾದ್ರೂ ಏಳಲ್ಲ."

ಹಾಡುವವನು ನಕ್ಕ. "ಜಲ್ದಿ ಮಾಡ್ರೋ. ಮದರಾಸ್ ರೈಲು ನಿಮಗೋಸ್ಕರ ನಿಲ್ಲಲ್ಲ."

ಚರ್ಮ ಸಡಿಲವಾದರೆ ಬೆಂಕಿಗೆ ಹಿಡಿಯುವುದು ತಮಟೆಯವನ ಕೈಗೆ ಉಸಿರಾಟದಷ್ಟೇ ರೂಢಿ. ನಾನು ಕಿತ್ತು ತಂದದ್ದು ಇಬ್ಬನಿಯಲ್ಲಿ ನೆಂದ ಹುಲ್ಲು. ಅದು ಉರಿಯುವುದಕ್ಕಿಂತ ಹೆಚ್ಚು ಹೊಗೆಯಾಡಿತು. ಹೊಗೆ ಎಲ್ಲಿಗೆ ಹೋಗುತ್ತಿದೆಯೆಂದು ಯಾರೂ ತಲೆ ಎತ್ತಲಿಲ್ಲ. ಚರ್ಮ ಬಿಗಿಯಾಯಿತು, ನಾನು ಗುಂಡಿ ಒತ್ತಿದೆ, ಹಾಡು ಶುರುವಾಯಿತು.

ಮೊದಲು ಆ ಬ್ರೇಕ್ ವೈರೇ ಗುಂಯ್ಗುಡುತ್ತಿದೆ ಎಂದುಕೊಂಡೆ. ಆಮೇಲೆ ಬೆಳಕು ಕಪ್ಪಾಯಿತು.

"ಓಡ್ರಲೇ!" ಎಂದು ತಮಟೆಯವನು ಕಿರುಚಿದ.

ನಾನು ಓಡಿದೆ. ತಿರುಗಿ ನೋಡಲಿಲ್ಲ. ಬೆಟ್ಟದ ಬುಡದ ಕುಂಟೆಯ ನೀರಿನಲ್ಲಿ ಮುಳುಗಿ ತಲೆ ಎತ್ತಿದಾಗ ಪಕ್ಕದಲ್ಲಿ ತಮಟೆಯವನಿದ್ದ. ಇನ್ನೊಬ್ಬ ಇರಲಿಲ್ಲ. ಅವನೂ ನಮ್ಮ ಹಿಂದೆ ಅರ್ಧ ದಾರಿ ಓಡಿಬಂದು, ಟೇಪ್ ರೆಕಾರ್ಡರಿಗಾಗಿ ಬಂಡೆಯ ಕೆಳಕ್ಕೆ ವಾಪಸು ಹೋಗಿದ್ದ. ಅದನ್ನು ಅಂಗಿಯೊಳಗೆ ಅವುಚಿಕೊಂಡು ಇಳಿದು ಬಂದವನ ಕಣ್ಣುಗಳು ಊತದಲ್ಲಿ ಮುಚ್ಚಿಹೋಗಿದ್ದವು.

"ತಿರುಗ್ತಾ ಐತಾ ನೋಡೋ" ಎಂದು ಕುಸಿದ.

ಮಾಲೂರಿನ ಆಸ್ಪತ್ರೆಯಲ್ಲಿ ಮೂರನೆಯ ದಿನ ಕಣ್ಣು ಬಿಟ್ಟ. ವಾರ ಕಳೆದು ಮದರಾಸಿಗೆ ಹೋದ. ಮತ್ತೆ ಹಾಡಲಿಲ್ಲ.

ನಾಲ್ಕೈದು ವರ್ಷದ ಮೇಲೆ ಅವನ ಕಾಗದ ಬಂತು: "ನನ್ನ ಗಂಟಲು ಹೇಗಿತ್ತು ಅಂತ ನನಗೇ ಮರೆತುಹೋಗಿದೆ. ಒಂದು ಕಾಪಿ ಮಾಡಿ ಕಳಿಸು."

ಕಾಪಿ ಮಾಡಲು ಕೂತೆ. ಮೂರನೆಯ ಹಾಡು ಮುಗಿದಾಗ ಬೆರಳು ಗುಂಡಿಯ ಮೇಲಿತ್ತು. ಮುಂದೇನಿದೆ ಎಂಬುದು ನನಗೆ ಬಾಯಿಪಾಠ. ಅರ್ಧ ಹಾಡು, ಮೊರೆತ, ಕಿರುಚಾಟ, ದೂರವಾಗುವ ಹೆಜ್ಜೆಗಳು. ಬಹಳ ಹೊತ್ತು ಬರೀ ಮೊರೆತ. ಆಮೇಲೆ ಒಬ್ಬನೇ ಒಬ್ಬನ ಹೆಜ್ಜೆ, ಹತ್ತಿರ ಹತ್ತಿರ ಬರುವುದು. ಅದು ನನ್ನದಲ್ಲ. ಮೂರನೆಯ ಹಾಡಿಗೇ ನಿಲ್ಲಿಸಿದ್ದರೆ ಇದೂ ಟೇಪಿನಲ್ಲಿದೆಯೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ನಿಲ್ಲಿಸಲಿಲ್ಲ. ಪೂರ್ತಿ ತಿರುಗಲು ಬಿಟ್ಟು, ಪೊಟ್ಟಣ ಕಟ್ಟಿ ಅಂಚೆಗೆ ಹಾಕಿದೆ.

ಉತ್ತರದಲ್ಲಿ ಹೆಜ್ಜೆಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ನಾಲ್ಕನೆಯ ಹಾಡಿನ ಮಿಕ್ಕ ಸಾಲುಗಳು ನಿಮ್ಮಲ್ಲಿ ಯಾರಿಗಾದರೂ ನೆನಪಿದೆಯಾ ಎಂದಷ್ಟೇ ಕೇಳಿದ್ದ. ನನಗೆ ನೆನಪಿರಲಿಲ್ಲ. ಟೇಕಲ್‌ಗೆ ಹೋಗಿ ತಮಟೆಯವನನ್ನು ಕೇಳಿದೆ. ಅವನು ಬಹಳ ಹೊತ್ತು ಬೆರಳಿನಿಂದ ಮೊಣಕಾಲ ಮೇಲೆ ಆ ಬಡಿತ ಹಾಕುತ್ತಾ ಕೂತ.

"ಏಟು ಬರ್ತದೆ ಕಣೋ" ಎಂದ. "ಮಾತು ಅವನ ಬಾಯಾಗಿದ್ದಿದ್ದು."